ಪೇಪರ್ ಅಂಟಿಸೋದಕ್ಕೆ 800 ರೂಪಾಯಿನಾ?

ಇವತ್ತಿನ ಮಾತು ಡೆಕೂಪಾಜ್ ಬಗ್ಗೆ. ಹೆಸರು ಕೇಳಿ ಗಾಬರಿ ಬೇಡ, ಫ್ರೆಂಚಿನಲ್ಲಿ 'ಕತ್ತರಿಸು' ಅನ್ನೋ ಪದದಿಂದ ಬಂದಿದ್ದು. ಚಿತ್ರ ಇರೋ ಕಾಗದ ಕತ್ತರಿಸಿ ಟ್ರೇ, ಡಬ್ಬ, ಕೆಟಲ್ ಮೇಲೆ ಅಂಟಿಸಿ ವಾರ್ನಿಷ್ ಹೊಡೆಯೋ ಕಲೆ.

18ನೇ ಶತಮಾನದ ವೆನಿಸ್‌ಗೆ ಹೋಗೋಣ. ಚೀನಾ, ಜಪಾನಿನ ಮೆರುಗು ಹಾಕಿದ ಪೀಠೋಪಕರಣ ಅಂದ್ರೆ ಯುರೋಪಿನ ಶ್ರೀಮಂತರಿಗೆ ಹುಚ್ಚು. ಆ ಮೆರುಗು ಒಂದು ಮರದ ರಸ. (ನಮ್ಮ ಚನ್ನಪಟ್ಟಣದ ಅರಗು ಹುಳದಿಂದ ಬರೋದು, ಅದೇ ಬೇರೆ.) ಆ ಮರ ಯುರೋಪಲ್ಲಿ ಇರಲಿಲ್ಲ, ಚಿತ್ರಕಾರರಿಂದ ಬರೆಸೋದೂ ದುಬಾರಿ. ಹಾಗಾಗಿ ವೆನಿಸ್‌ನ ಕುಶಲಕರ್ಮಿಗಳು ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿ, ಕತ್ತರಿಸಿ, ಮರಕ್ಕೆ ಅಂಟಿಸಿ, ಕಾಗದದ ಅಂಚು ಬೆರಳಿಗೆ ಸಿಗದಷ್ಟು ಸಲ ವಾರ್ನಿಷ್ ಬಳಿದರು. ಬಸ್ಸಾನೋ ಊರಿನ ರೆಮೊಂದಿನಿ ಮುದ್ರಣಾಲಯ ಇಂಥ ಹಾಳೆಗಳನ್ನ ಅಚ್ಚು ಹಾಕಿ ಮಾರ್ತಿತ್ತು. ಈ ಕೆಲಸಕ್ಕೆ ಬಿದ್ದ ಹೆಸರು 'ಲಾಕ್ಕಾ ಪೊವೆರಾ', ಅಂದ್ರೆ ಬಡ ಮೆರುಗು. ಹೆಸರಲ್ಲೇ ಬೆಲೆ ಇಳಿಸಿಬಿಟ್ರು ನೋಡಿ! ಈಗ ಅದೇ ಬಡ ಬೀರುಗಳು ಆಂಟಿಕ್ ಅಂತ ಹರಾಜಿಗೆ ಬರ್ತವೆ.

ನಮ್ಮ ಅತ್ತಿಗೆ ಬೆಂಗಳೂರಲ್ಲಿ ಇದನ್ನೇ ಮಾಡಿ ಅಪಾರ್ಟ್‌ಮೆಂಟ್ ಸಂತೆಗಳಲ್ಲಿ ಮಾರ್ತಾರೆ. ಜನ ಟ್ರೇ ಎತ್ತಿ ನೋಡ್ತಾರೆ, "ಪೇಪರ್ ಅಂಟಿಸೋದಕ್ಕೆ 800ಆ?" ಅಂತಾರೆ.

ಬಿ.ಕಾಂ. ಓದಿದವನು ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. ಮರದ ಟ್ರೇ, ಬಣ್ಣ, ಅಂಟು, ನ್ಯಾಪ್ಕಿನ್, ವಾರ್ನಿಷ್ ಸೇರಿ 350. ಮೊದಲು ಮರ ಉಜ್ಜಬೇಕು, ಬಿಳಿ ಬಣ್ಣ ಕೊಡಬೇಕು. ಪೇಪರ್ ನ್ಯಾಪ್ಕಿನ್‌ಗೆ ಸಾಮಾನ್ಯವಾಗಿ ಮೂರು ಪದರ. ಬಿಡಿಸಿ, ಚಿತ್ರ ಇರೋ ಮೇಲಿನದನ್ನ ಮಾತ್ರ ತಗೋಬೇಕು. ಅದು ಈರುಳ್ಳಿ ಸಿಪ್ಪೆಗಿಂತ ತೆಳು. ಅಂಟು ತಾಗಿದ್ಮೇಲೆ ಎಳೆದ್ರೆ ಹರೀತು, ಬಿಟ್ರೆ ಸುಕ್ಕು. ನಡುವಿನಿಂದ ಅಂಚಿನ ಕಡೆ ಬ್ರಷ್ ಆಡಿಸ್ತಾ ಗಾಳಿ ಹೊರಗೆ ಹಾಕ್ಬೇಕು. ಆಮೇಲೆ ಒಣಗಿಸು, ವಾರ್ನಿಷ್ ಹೊಡಿ, ಸ್ಯಾಂಡ್ ಪೇಪರ್ ಉಜ್ಜು, ಮತ್ತೆ ವಾರ್ನಿಷ್. ಮಳೆಗಾಲದಲ್ಲಂತೂ ಕೇಳಲೇಬೇಡಿ. ಮೂರು ದಿನದಲ್ಲಿ ಹರಡಿಕೊಂಡ 5 ಗಂಟೆ ಕೆಲಸ.

800ಕ್ಕೆ ಹೋದ್ರೆ ಗಂಟೆಗೆ 90 ರೂಪಾಯಿ. ಚೌಕಾಸಿ ಮಾಡಿ 600ಕ್ಕೆ ತಗೊಂಡ್ರೆ 50. ಸ್ಟಾಲ್ ಬಾಡಿಗೆ ಇನ್ನೂ ಕಳೆದಿಲ್ಲ. ಇದನ್ನ ಮನೇಲಿ 'ಹಾಬಿ' ಅಂತ ಕರೀತಾರೆ. ಹಾಬಿಗೆ ಕೂಲಿ ಯಾರು ಕೇಳ್ತಾರೆ, ಹೇಳಿ?

ಈ ತಿಂಗಳಿಂದ ಅತ್ತಿಗೆ ತಮ್ಮ ಪುಸ್ತಕದಲ್ಲಿ 'ಕೂಲಿ' ಅಂತ ಒಂದು ಕಾಲಂ ಎಳೆದಿದ್ದಾರೆ. ಟ್ರೇ ಈಗ 950. ಹೋದ ಭಾನುವಾರ 9 ತಗೊಂಡು ಹೋಗಿದ್ರು, 2 ಮಾರಾಟ ಆಯ್ತು. ಬೆಲೆ ಇಳಿಸಿಲ್ಲ.