ಒಲೆಯಿಲ್ಲದೆ ಕುದಿಯುವ ಕಡಲ ನೀರು

ಮಕ್ಕಳೇ, ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು, ಅಂದರೆ ಸರಕಿನ ದೋಣಿಗಳು, ನೈಋತ್ಯಕ್ಕೆ, ಲಕ್ಷದ್ವೀಪಕ್ಕೆ ಹೋಗುತ್ತವೆ. ಆ ಹವಳದ ದ್ವೀಪಗಳಲ್ಲಿ ಒಂದೂ ನದಿಯಿಲ್ಲ. ಮಳೆನೀರು ಮರಳಿನಲ್ಲಿ ಇಂಗಿ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಸಿಹಿನೀರು ಹಗುರ ನೋಡಿ. ಬಾವಿಯಿಂದ ಸ್ವಲ್ಪ ಹೆಚ್ಚು ಸೇದಿದರೆ ಕೆಳಗಿನ ಉಪ್ಪುನೀರು ಮೇಲೇರಿಬಿಡುತ್ತದೆ.

ಸುತ್ತಲೂ ಕಡಲಿದೆಯಲ್ಲ, ಅದನ್ನೇ ಕುಡಿದರೇನು? ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಕುಡಿದಷ್ಟೂ ದೇಹ ಒಣಗುತ್ತದೆ.

2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಲಕ್ಷದ್ವೀಪದ ಕವರತ್ತಿಯಲ್ಲಿ ಒಂದು ಸ್ಥಾವರ ಕಟ್ಟಿತು. ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಕೊಡಬಲ್ಲ ಸ್ಥಾವರ. ಅಲ್ಲಿ ಕಡಲ ನೀರನ್ನು ಕುದಿಸುತ್ತಾರೆ, ಆದರೆ ಬೆಂಕಿಯಿಲ್ಲ!

ನೀರು 100 ಡಿಗ್ರಿಗೆ ಕುದಿಯುತ್ತದೆಂದು ಓದಿದ್ದೀರಿ. ಅದು ಸಮುದ್ರಮಟ್ಟದ ಲೆಕ್ಕ. ಗಾಳಿಯ ಒತ್ತಡ ಕಡಿಮೆಯಿರುವ ಎವರೆಸ್ಟ್ ತುದಿಯಲ್ಲಿ ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಹಾಗಾದರೆ ದೊಡ್ಡದೊಂದು ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ಹೊರಗೆಳೆದರೆ? ಬಿಸಿಲಿಗೆ ಬೆಚ್ಚಗಾದ, ಬರೀ 28 ಡಿಗ್ರಿಯ ಕಡಲ ನೀರು ಕೂಡ ಅದರೊಳಗೆ ಬಿದ್ದೊಡನೆ ಕುದಿಯತೊಡಗುತ್ತದೆ. ನೀರು ಆವಿಯಾಗಿ ಏಳುತ್ತದೆ. ಉಪ್ಪು ಏಳಲಾರದೆ ಅಲ್ಲೇ ಉಳಿಯುತ್ತದೆ.

ಆವಿ ಮತ್ತೆ ನೀರಾಗಲು ತಂಪು ಬೇಕಲ್ಲ? ಅದನ್ನೂ ಕಡಲೇ ಕೊಡುತ್ತದೆ. ಸುಮಾರು 350 ಮೀಟರ್ ಆಳದ ಕತ್ತಲಲ್ಲಿ ನೀರು 12-13 ಡಿಗ್ರಿಯಷ್ಟು ತಣ್ಣಗಿರುತ್ತದೆ. ಉದ್ದನೆಯ ಕೊಳವೆಯಿಂದ ಅದನ್ನು ಮೇಲೆತ್ತಿ ನಳಿಗೆಗಳಲ್ಲಿ ಹರಿಸುತ್ತಾರೆ. ಅನ್ನದ ಪಾತ್ರೆಯ ಮುಚ್ಚಳದಡಿ ಹನಿಗಟ್ಟುವ ಹಾಗೆ, ಆವಿ ಆ ತಣ್ಣನೆಯ ನಳಿಗೆಗಳಿಗೆ ತಾಗಿ ಸಿಹಿನೀರಾಗಿ ಇಳಿಯುತ್ತದೆ. ಬಿಸಿಯೂ ಕಡಲಿನದೇ, ತಂಪೂ ಕಡಲಿನದೇ. ನನಗೆ ಇದು ಬಹಳ ಚೆಂದವೆನಿಸುತ್ತದೆ.

ಹವಳದ ದ್ವೀಪಗಳ ಸುತ್ತ ಕಡಲತಳ ಥಟ್ಟನೆ ಆಳಕ್ಕಿಳಿಯುವುದರಿಂದ ತಣ್ಣೀರು ಹತ್ತಿರದಲ್ಲೇ ಸಿಗುತ್ತದೆ. ಚೆನ್ನೈ ಬಳಿ ಹಾಗಿಲ್ಲ. ಅಲ್ಲಿನ ನೆಮ್ಮೇಲಿಯಲ್ಲಿ ಉಪ್ಪುನೀರನ್ನು ತೆಳುವಾದ ವಿಶೇಷ ಪೊರೆಯ ಮೂಲಕ ಬಲವಾಗಿ ಒತ್ತಿ ಸೋಸುತ್ತಾರೆ. ಆಗ ಉಳಿಯುವ ನೀರು ಕಡಲಿಗಿಂತಲೂ ಹೆಚ್ಚು ಉಪ್ಪು. ಅದನ್ನು ಮರಳಿ ಬಿಡುವಾಗ ಮೀನುಗಳಿಗೆ ತೊಂದರೆಯಾಗದಂತೆ ಎಚ್ಚರ ವಹಿಸಬೇಕು. ಕವರತ್ತಿಯ ತೊಟ್ಟಿಯಲ್ಲಿ ಆವಿಯಾಗುವುದು ಸ್ವಲ್ಪವೇ ನೀರು. ಹಿಂದಿರುಗುವ ನೀರಿನ ಉಪ್ಪು ಹೆಚ್ಚೇನೂ ಏರದು.

2011ರಲ್ಲಿ ಮಿನಿಕಾಯ್, ಅಗತ್ತಿ ದ್ವೀಪಗಳಿಗೂ ಇಂಥ ಸ್ಥಾವರಗಳು ಬಂದವು. ಆದರೂ ಪಂಪುಗಳಿಗೆ ವಿದ್ಯುತ್ ಬೇಕೇ ಬೇಕು, ದ್ವೀಪಗಳಲ್ಲಿ ಅದು ಬಹುಪಾಲು ಡೀಸೆಲ್‌ನಿಂದ. ಅದಕ್ಕಾಗಿ, ಕಡಲ ಮೇಲಿನ ಬಿಸಿಗೂ ಆಳದ ತಂಪಿಗೂ ಇರುವ ವ್ಯತ್ಯಾಸದಿಂದಲೇ ವಿದ್ಯುತ್ತನ್ನೂ ತೆಗೆಯುವ ಸ್ಥಾವರವೊಂದನ್ನು ಅದೇ ಸಂಸ್ಥೆಯವರು ಕವರತ್ತಿಯಲ್ಲಿ ಕೈಗೆತ್ತಿಕೊಂಡಿದ್ದಾರೆ.