ಮಾವಿನ ಕಾಂಡ ಕೊರೆಯುವ ಮೀಸೆ ದುಂಬಿ: ಗುರುತು ಹಿಡಿಯುವುದು ಹೇಗೆ?



ವರ್ಷಗಟ್ಟಲೆ ಫಸಲು ಕೊಟ್ಟ ಮಾವಿನ ಮರದ ಒಂದು ಕೊಂಬೆಯಲ್ಲಿ ಎಲೆ ಹಳದಿಯಾಗಿ ಉದುರತೊಡಗುತ್ತದೆ. ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ನೀರು ಸಾಲದೆಂದು ನೀರು ಹಾಯಿಸುವುದುಂಟು, ಗೊಬ್ಬರ ಸಾಲದೆಂದು ಗೊಬ್ಬರ ಹಾಕುವುದುಂಟು. ಕೊಂಬೆಯ ಮೇಲೆ ಕೊಂಬೆ ಹೋಗಿ ಕಡೆಗೆ ಮರವೇ ಒಣಗಿ ನಿಲ್ಲುತ್ತದೆ. ಕಡಿದು ಸೀಳಿದಾಗ ಒಳಗೆ ಬೆರಳು ತೂರುವಷ್ಟು ಅಗಲದ ಸುರಂಗಗಳು ಕಾಣುತ್ತವೆ. ರೋಗ ತಿಳಿಯುವ ಹೊತ್ತಿಗೆ ಮರ ಸೌದೆಯಾಗಿರುತ್ತದೆ.

ಈ ಸುರಂಗ ಕೊರೆಯುವುದು ಬ್ಯಾಟೊಸೆರಾ ಎಂಬ ಕುಲಕ್ಕೆ ಸೇರಿದ ದುಂಬಿಯ ಮರಿಹುಳು. ನಮ್ಮ ಮಾವಿನ ತೋಟಗಳಲ್ಲಿ ಕಾಣುವ ಪ್ರಭೇದದ ಪೂರ್ಣ ಹೆಸರು ಬ್ಯಾಟೊಸೆರಾ ರೂಫೊಮ್ಯಾಕ್ಯುಲೇಟ. ರೂಫೊಮ್ಯಾಕ್ಯುಲೇಟ ಎಂದರೆ ಕೆಂಪು ಮಚ್ಚೆಯುಳ್ಳದ್ದು ಎಂದರ್ಥ. ಮರ ಕೊರೆಯುವ ದುಂಬಿಗಳು ಹಲವು ಬಗೆ. ಒಂದೊಂದರ ಆಹಾರದ ಮರ ಬೇರೆ, ಅಭ್ಯಾಸ ಬೇರೆ. ಆದ್ದರಿಂದ ಔಷಧಿಗೆ ಮೊದಲು ಗುರುತು ಹಿಡಿಯುವುದು ಮುಖ್ಯ.

ದುಂಬಿಯ ಗುರುತುಗಳು

ಮೊದಲು ಮೀಸೆ ನೋಡಬೇಕು. ಈ ಕುಟುಂಬದ ಹೆಚ್ಚಿನ ದುಂಬಿಗಳಿಗೆ ಮೀಸೆ ಬಲು ಉದ್ದ. ಬ್ಯಾಟೊಸೆರಾ ಗಂಡಿನಲ್ಲಿ ಅದು ಮೈಗಿಂತ ಉದ್ದವಾಗಿರುತ್ತದೆ. ಕೈಯಲ್ಲಿ ಹಿಡಿದರೆ ಕತ್ತಿನ ಭಾಗವನ್ನು ಉಜ್ಜಿ ಕಿರ್ ಕಿರ್ ಎಂದು ಸದ್ದು ಮಾಡುತ್ತದೆ. ಅನಂತರ ಈ ಗುರುತುಗಳನ್ನು ನೋಡಬೇಕು:

1. ಗಾತ್ರ ದೊಡ್ಡದು, ಸಾಮಾನ್ಯವಾಗಿ 3.5ರಿಂದ 5 ಸೆಂಟಿಮೀಟರ್ ಉದ್ದ. ಬಣ್ಣ ಬೂದು ಮಿಶ್ರಿತ ಕಂದು.
2. ತಲೆಯ ಹಿಂದಿನ ಕತ್ತಿನಂಥ ಭಾಗದ ಎರಡು ಪಕ್ಕಗಳಲ್ಲಿ ಒಂದೊಂದು ಚೂಪಾದ ಮುಳ್ಳು.
3. ಅದೇ ಭಾಗದ ಬೆನ್ನ ಮೇಲೆ ಹುರುಳಿ ಕಾಳಿನ ಆಕಾರದ ಎರಡು ಕಿತ್ತಳೆಗೆಂಪು ಮಚ್ಚೆ.
4. ಗಟ್ಟಿ ರೆಕ್ಕೆಗಳ ಬುಡದಲ್ಲಿ, ಅಂದರೆ ಹೆಗಲಿನ ಕಡೆ, ರಾಗಿ ಚೆಲ್ಲಿದಂತೆ ಹೊಳೆಯುವ ಕಪ್ಪು ಗುಬುಟುಗಳು. ಬೆರಳಾಡಿಸಿದರೆ ಒರಟು.
5. ಮೈಯ ಎರಡು ಪಕ್ಕಗಳಲ್ಲಿ ಬಿಳಿ ಪಟ್ಟೆ.

ವಯಸ್ಸಾದ ದುಂಬಿಯ ಮೈಮೇಲಿನ ನವಿರು ಸವೆದು ಬಣ್ಣ ಮಾಸಿರಬಹುದು. ಆಗ ಬಣ್ಣವೊಂದನ್ನೇ ನಂಬದೆ ಮುಳ್ಳು ಮತ್ತು ಗುಬುಟುಗಳನ್ನು ನೋಡಿ ನಿರ್ಧರಿಸಬೇಕು.

ತಪ್ಪು ತಿಳಿಯುವ ದುಂಬಿಗಳು

ಕಾಫಿಯ ಬಿಳಿ ಕಾಂಡಕೊರಕ ಇದೇ ಕುಟುಂಬದ್ದು. ಆದರೆ ಅದು 1ರಿಂದ 2 ಸೆಂಟಿಮೀಟರ್ ಉದ್ದದ ಸಪೂರ ದುಂಬಿ. ಕಪ್ಪು ಮೈಮೇಲೆ ಬಿಳಿ ಗೆರೆಗಳು, ಮೀಸೆ ಗಿಡ್ಡ. ಬಿಸಿಲಿನಲ್ಲಿ ಚುರುಕಾಗಿ ಓಡಾಡುತ್ತದೆ. ಗೇರು ಮರ ಕೊರೆಯುವ ದುಂಬಿ ಕೆಂಪು ಕಂದು ಬಣ್ಣದ್ದು, ಅದಕ್ಕೆ ಮಚ್ಚೆಗಳಿಲ್ಲ. ತೆಂಗಿನ ಕುರುವಾಯಿ ದುಂಬಿಗೆ ತಲೆಯ ಮೇಲೆ ಕೊಂಬುಂಟು, ಉದ್ದ ಮೀಸೆಯಿಲ್ಲ.

ಮರಿಹುಳುಗಳಲ್ಲೂ ವ್ಯತ್ಯಾಸ ಸುಲಭ. ತಿಪ್ಪೆಗುಂಡಿಯಲ್ಲಿ ಸಿಗುವ ಕುರುವಾಯಿ ಹುಳು ಬಾಗಿಕೊಂಡಿರುತ್ತದೆ, ಆರು ಕಾಲುಗಳಿವೆ. ಮಾವಿನ ಮರದೊಳಗಿನ ಹುಳು ನೇರವಾಗಿರುತ್ತದೆ, ಕಾಲಿಲ್ಲ. ಕೆನೆಬಣ್ಣದ ಮೈ, ಕಂದು ತಲೆ, ಮುಂಭಾಗ ಅಗಲ. ಬಲಿತಾಗ ಬೆರಳಿನಷ್ಟು ಉದ್ದವಾಗುತ್ತದೆ.

ಗುರುತು ಹಿಡಿದರೆ ಲಾಭವೇನು?

ಬ್ಯಾಟೊಸೆರಾ ಎಂದು ಖಚಿತವಾದರೆ ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. ಈ ದುಂಬಿ ಮಾವಿಗೆ ಮಾತ್ರ ಅಂಟಿಕೊಂಡಿಲ್ಲ. ಹಲಸು, ಅಂಜೂರ, ಅತ್ತಿಯ ಜಾತಿಯ ಮರಗಳು ಮತ್ತು ಬೂರುಗವೂ ಇದಕ್ಕೆ ಆಹಾರ. ಇಸ್ರೇಲ್ ದೇಶದಲ್ಲಿ ಇದೇ ದುಂಬಿ ಅಂಜೂರದ ಮರಗಳಿಗೆ ಪಿಡುಗಾಗಿದೆ. ತೋಟದ ಮಾವನ್ನು ಕಾಪಾಡಿ ಬದುವಿನ ಅತ್ತಿಯನ್ನು ಮರೆತರೆ ಹುಳು ಮತ್ತೆ ತೋಟಕ್ಕೆ ಬರುತ್ತದೆ.

ಹೆಣ್ಣು ದುಂಬಿ ತೊಗಟೆಯನ್ನು ಕಚ್ಚಿ ಸೀಳುಮಾಡಿ ಅಥವಾ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ತಿಂಗಳುಗಟ್ಟಲೆ ಮರದೊಳಗೇ ಇದ್ದು, ಅಲ್ಲಿಯೇ ಕೋಶವಾಗಿ, ಹೆಚ್ಚಾಗಿ ಮಳೆಗಾಲದಲ್ಲಿ ದುಂಬಿಯಾಗಿ ಹೊರಬರುತ್ತದೆ. ದುಂಬಿ ರಾತ್ರಿ ಹಾರಾಡಿ ದೀಪಕ್ಕೆ ಬರುತ್ತದೆ. ತೋಟದ ಮನೆಯ ದೀಪದ ಬಳಿ ಒಂದು ದುಂಬಿ ಸಿಕ್ಕರೂ ಮರಗಳನ್ನು ತಪಾಸಣೆ ಮಾಡಬೇಕು.

ಮಾಡಬೇಕಾದ ಕೆಲಸ

ಕಾಂಡ ಮತ್ತು ದಪ್ಪ ಕೊಂಬೆಗಳಲ್ಲಿ ರಂಧ್ರ, ಸೋರುವ ರಸ, ಬುಡದಲ್ಲಿ ಬಿದ್ದ ಮರದ ನಾರು ಮತ್ತು ಹಿಕ್ಕೆ ಇವೆಯೇ ಎಂದು ನೋಡಬೇಕು. ಹಿಕ್ಕೆ ಹಸಿಯಾಗಿದ್ದರೆ ಹುಳು ಒಳಗೆ ಜೀವಂತವಾಗಿದೆ ಎಂದರ್ಥ. ರಂಧ್ರವನ್ನು ಶುಚಿಮಾಡಿ, ತುದಿ ಬಗ್ಗಿಸಿದ ತಂತಿಯಿಂದ ಹುಳುವನ್ನು ಎಳೆದು ಕೊಲ್ಲಬೇಕು. ಸಿಗದಿದ್ದರೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯನ್ನು ಒಳಗೆ ತುರುಕಿ, ಬಾಯಿಯನ್ನು ಹಸಿ ಮಣ್ಣಿನಿಂದ ಮುಚ್ಚಬೇಕು. ಹತ್ತಿರ ಬೆಂಕಿ ಇರಬಾರದು. ಹಿಂದೆ ಇದಕ್ಕೆ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ದಾಸ್ತಾನು ಇದ್ದರೂ ಬಳಸಕೂಡದು.

ಒಣಗಿದ ಕೊಂಬೆಯನ್ನು ಸುರಂಗ ಮುಗಿಯುವ ತನಕ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಹುಳುಬಿದ್ದ ಮರವನ್ನು ಸೌದೆಯೆಂದು ತೋಟದ ಮೂಲೆಯಲ್ಲಿ ಒಟ್ಟಿದರೆ ಒಳಗಿನ ಹುಳು ಅಲ್ಲಿಯೇ ದುಂಬಿಯಾಗಿ ಹಾರುತ್ತದೆ. ಕೂಡಲೇ ಸೀಳಿ ಸುಡಬೇಕು.

ಹುಳು ತೊಗಟೆಯ ಹತ್ತಿರ ಇರುವಾಗ ಒಂದು ತಂತಿ ಸಾಕು. ಮರದ ನಡುವಿಗೆ ಇಳಿದ ಮೇಲೆ ಗರಗಸವೇ ಗತಿ. ಮಳೆಗಾಲ ಮುಗಿಯುತ್ತಲೇ ಪ್ರತಿ ಮರದ ಬುಡವನ್ನೂ ಬದುವಿನ ಮರಗಳನ್ನೂ ಒಮ್ಮೆ ಸುತ್ತಿ ನೋಡುವ ರೂಢಿ ಇಟ್ಟುಕೊಂಡರೆ ತಲೆಮಾರಿನ ಮರ ಉಳಿಯುತ್ತದೆ.