ತಲೆಯ ಮೇಲಿನ ಕೊಡ

ಗೆಳೆಯರೇ, ಸಂದರ್ಶನದ ಕೋಣೆಯಲ್ಲಿ ಇಂಗ್ಲಿಷು ಕೇಳಿದೊಡನೆ ಬೆವರುತ್ತೀರಲ್ಲ, ನಮ್ಮ ಸಿರಿಗೇರಿಯಿಂದ ಒಂದು ಮಾತು ಕೇಳಿಕೊಂಡು ಹೋಗಿ. ಕುರುಗೋಡು ಕಡೆಯ ಕಲ್ಲುಕಂಬದ ಮಂಜಮ್ಮ ಜೋಗತಿ ಹೆಣ್ಣಾಗಿ ಬದುಕಬಯಸಿದ್ದಕ್ಕೆ ಮನೆ ತಪ್ಪಿತು. ಭಿಕ್ಷೆ ಬೇಡಿದರು, ಸಾಯಲೂ ಹೊರಟಿದ್ದರು. ಕೈ ಹಿಡಿದದ್ದು ಜೋಗತಿ ಕುಣಿತ. ತಲೆಯ ಮೇಲೆ ಕೊಡ, ಕಾಲಲ್ಲಿ ಹೆಜ್ಜೆ, ಎದುರಿಗೆ ನಗುವ ಜನ. ಯಾರು ಏನೇ ಅಂದರೂ ಕೊಡ ಬೀಳಬಾರದು! ಈ ಪಾಠ ಯಾವ ಕೋಚಿಂಗ್ ಸೆಂಟರಿನಲ್ಲಿದೆ ಹೇಳಿ? ಮುಂದೆ ಕಾಳವ್ವ ಜೋಗತಿಯವರ ತಂಡ ಸೇರಿ ಊರೂರು ಕುಣಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ, ದಿಲ್ಲಿಯ ಆ ದರ್ಬಾರಿನಲ್ಲಿ, ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು. ಅಳುಕಿದರೇ? ನಿಮ್ಮ ಬಡಾವಣೆಯಲ್ಲಿ ಎಲ್ಲಾದರೂ ನಾಟಕದ ತಾಲೀಮು ನಡೆಯುತ್ತಿದ್ದರೆ, ಈ ಭಾನುವಾರವೇ ಹೋಗಿ ನಿಂತುಕೊಳ್ಳಿ.